ಭೀಮವ್ವನ ಸುಣ್ಣದಲ್ಲಿ ಏನೂ ಇರಲಿಲ್ಲ

ನನಗೆ ಎಚ್‌ಐವಿ ಬಂದದ್ದು ನನ್ನ ಗಂಡನಿಂದ. ನಮ್ಮ ಹಿತ್ತಿಲಿನಲ್ಲಿ ಬಾಡಿಗೆಗಿದ್ದ ಭೀಮವ್ವನಿಂದ ಅಲ್ಲ, ಅವಳ ಸುಣ್ಣದ ಡಬ್ಬಿಯಿಂದ ಅಲ್ಲ, ಕಕ್ಕಸಿನಿಂದ ಅಲ್ಲ, ಯಾವ ದೇವರ ಶಾಪದಿಂದಲೂ ಅಲ್ಲ. ಕಾಯಿಲೆ ಬಂದದ್ದು ನನ್ನ ತಪ್ಪಲ್ಲ. ಅದು ಭೀಮವ್ವನಿಂದ ಬಂತು ಎಂದು ಮನೆಯವರೂ ಊರವರೂ ಅಂದಾಗ ಒಂದೂವರೆ ತಿಂಗಳು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ತಪ್ಪು. ಎರಡನ್ನೂ ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಹೆಸರು ಪಿಳ್ಳಮ್ಮ. ವಯಸ್ಸು ಅರವತ್ತೈದರ ಆಸುಪಾಸು. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದರಲ್ಲಿ ತಪ್ಪಿದ್ದುದನ್ನು ಮೊಮ್ಮಗಳು ಹರ್ಷಿತ ತಿದ್ದಿದ್ದಾಳೆ. ನಾಲ್ಕು ವರ್ಷದಿಂದ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೇನೆ. ಈಗ ನನ್ನ ರಕ್ತ ಪರೀಕ್ಷೆ ಮಾಡಿದರೆ ಆ ಹುಳ ಕಾಣಿಸುವುದೂ ಇಲ್ಲವಂತೆ. ಬಿಪಿ, ಶುಗರು ಎಂದು ಮೂರು ಡಬ್ಬಿ ಮಾತ್ರೆ ಇಟ್ಟುಕೊಂಡಿರುವ ನನ್ನ ತಂಗಿಗಿಂತ ನಾನೇ ಗಟ್ಟಿಯಾಗಿದ್ದೇನೆ. ಯಾರಾದರೂ ಅಯ್ಯೋ ಪಾಪ ಅನ್ನಲಿ ಎಂದು ಇದನ್ನು ಬರೆಯುತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂತಿರುವವಳು ಯಾರಾದರೂ ಒಬ್ಬಳು ಓದಲಿ ಎಂದು ಬರೆಯುತ್ತಿದ್ದೇನೆ.

ನಮ್ಮೂರು ಕಾಡುಗೋಡಿಯಿಂದ ಆಚೆ, ನಡೆದರೆ ಅರ್ಧ ಗಂಟೆ. ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಗಾಜಿನ ಕಟ್ಟಡ ಇದೆ. ಮಧ್ಯಾಹ್ನವಾದರೆ ಅದು ನಮ್ಮ ಅಡುಗೆಮನೆಯೊಳಕ್ಕೆ ಬಿಸಿಲು ಎಸೆಯುತ್ತದೆ. ಮಗ ಮಂಜುನಾಥನಿಗೆ ಒಂದು ಟೆಂಪೊ ಇದೆ, ಫ್ಯಾಕ್ಟರಿಗಳಿಗೆ ಸಾಮಾನು ಸಾಗಿಸುತ್ತಾನೆ. ಉಳಿದಿದ್ದ ಹಿತ್ತಿಲಿನಲ್ಲಿ ಶೀಟು ಹೊದಿಸಿ ಸಾಲಾಗಿ ಆರು ರೂಮು ಕಟ್ಟಿಸಿದ. ಆರು ರೂಮಿಗೂ ಸೇರಿ ಒಂದು ನಲ್ಲಿ, ಎರಡು ಕಕ್ಕಸು, ಒಂದು ಬಟ್ಟೆ ಒಗೆಯುವ ಕಲ್ಲು. ಮೂರನೇ ರೂಮಿನಲ್ಲಿ ಭೀಮವ್ವ ಇದ್ದಳು.

ಅವಳು ಯಾದಗಿರಿ ಕಡೆಯವಳು. ಗಂಡ ಮಲ್ಲಪ್ಪ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ, ಇವಳು ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗಿಗೆ ಹೋಗುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಬಂದ ಮೊದಲ ವಾರವೇ ನಲ್ಲಿಯ ವಿಷಯಕ್ಕೆ ನನ್ನ ಹತ್ತಿರ ಜಗಳ ಆಡಿದಳು, ಮನೆ ಓನರು ಎಂದು ಕೂಡ ನೋಡಲಿಲ್ಲ. ಜಗಳದಲ್ಲಿ ಅವಳು ಸೋಲಲಿಲ್ಲ. ಅದಕ್ಕೇ ನನಗೆ ಇಷ್ಟವಾದಳು.

ಆಮೇಲೆ ದಿನಾ ಸಂಜೆ ಒಗೆಯುವ ಕಲ್ಲಿನ ಮೇಲೆ ನಾವಿಬ್ಬರೂ ಕೂರುವುದು ರೂಢಿಯಾಯಿತು. ಎಲೆ ಅಡಿಕೆ ನನ್ನದು, ಸುಣ್ಣ ಅವಳದು. ಅವಳ ತಾಯಿ ಕೊಟ್ಟ ಹಿತ್ತಾಳೆಯ ಪುಟ್ಟ ಡಬ್ಬಿ, ಮುಚ್ಚಳದ ಮೇಲೆ ನವಿಲು. ತೋರುಬೆರಳಿನಿಂದ ಸುಣ್ಣ ತೆಗೆದು ಎಲೆಗೆ ಸವರಿ, ಮಡಿಸಿ, ನನ್ನ ಕೈಗೆ ಇಡುತ್ತಿದ್ದಳು. ಅಡಿಕೆ ಗಟ್ಟಿ ಇದ್ದರೆ ತನ್ನ ಹಲ್ಲಿನಲ್ಲೇ ಕಡಿದು ನನಗೆ ಅರ್ಧ ಕೊಡುತ್ತಿದ್ದಳು. ನನಗೆ ದವಡೆ ಹಲ್ಲು ಆಗಲೇ ಇರಲಿಲ್ಲ.

"ಏನವ್ವ ನಿನ್ ಬಾಸೆ, ತಗಡಿನ ಮೇಲೆ ಕಲ್ ಎಸೆದಂಗೆ ಐತೆ" ಎನ್ನುತ್ತಿದ್ದೆ.

"ನಿಮ್ದೇನ್ ಬೆಣ್ಣಿ ಹಚ್ಚಿದ್ದೈತೇನ್ ಯವ್ವಾ? ಅರ್ಧಾ ಮಾತು ನುಂಗೇ ಬಿಡ್ತೀರಿ" ಎನ್ನುತ್ತಿದ್ದಳು.

ಮೊದಲು ನನ್ನ ಬಾಯಲ್ಲಿ ಬಿಳುಪು ಬಂತು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಮೊಸರು ಮೆತ್ತಿದ ಹಾಗೆ. ಮುದ್ದೆ ಇಳಿಯುತ್ತಿರಲಿಲ್ಲ. "ಸುಣ್ಣ ಜಾಸ್ತಿ ಆಗಿ ಬಾಯಿ ಬೆಂದೋಗೈತೆ" ಎಂದೆ. ಹಾಗಂದವಳು ನಾನೇ. ಆ ಡಬ್ಬಿಯ ಕಡೆ ಮೊದಲು ಬೆರಳು ತೋರಿಸಿದವಳು ನಾನು. ಸೊಸೆ ಸವಿತನ ಮೇಲೆ ಹಾಕಿಬಿಡಬಹುದಿತ್ತು, ಆದರೆ ನಿಜ ಅದಲ್ಲ.

ಆಮೇಲೆ ಸೊಂಟದ ಒಂದು ಪಕ್ಕಕ್ಕೆ ಸರ್ಪಸುತ್ತು ಎದ್ದಿತು. ಬೆಂಕಿ ಇಟ್ಟ ಹಾಗೆ ಉರಿ. ಸುತ್ತಿಕೊಂಡು ಬಂದು ತಲೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಊರಿನ ಒಬ್ಬ ಮುದುಕ ಕೆಮ್ಮಣ್ಣು ಕಲೆಸಿ ಬಳಿದು, ಮಂತ್ರ ಹಾಕಿ, "ತಲೆ ಬಾಲ ಕೂಡ್ಲಿಲ್ಲ ಪಿಳ್ಳಕ್ಕ, ಬದಿಕ್ಕೊಂಡೆ ಬಿಡು" ಎಂದ. ಬದುಕಿಕೊಂಡದ್ದು ನಿಜ, ಕೆಮ್ಮಣ್ಣಿನಿಂದಲ್ಲ. ಸರ್ಪಸುತ್ತು ಒಣಗಿತು, ಆದರೆ ಮೈ ಇಳಿಯುತ್ತಲೇ ಹೋಯಿತು. ಕುಪ್ಪಸದ ತೋಳಿನಲ್ಲಿ ಎರಡು ಕೈ ಹಿಡಿಸುವಷ್ಟಾಯಿತು.

ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಮಂಜ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿದರು, ಸೊಂಟದ ಕಲೆ ನೋಡಿದರು, ಯಾವ ಪರೀಕ್ಷೆ ಎಂದು ನನಗೆ ಹೇಳದೆಯೇ ರಕ್ತ ತೆಗೆಸಿ ಕಳಿಸಿದರು. ಎರಡು ದಿನ ಬಿಟ್ಟು ಮಂಜನನ್ನು ಒಳಗೆ ಕರೆದು ನನ್ನನ್ನು ಹೊರಗೆ ಕೂರಿಸಿದರು. ನನ್ನ ರಕ್ತದ ಸುದ್ದಿ ನನಗಿಂತ ಮೊದಲು ನನ್ನ ಮಗನಿಗೆ ಗೊತ್ತಾಯಿತು. ಅವನಿಗಿಂತ ಮೊದಲು ಚೀಟಿ ಹರಿಯುವ ಕಾಂಪೌಂಡರನಿಗೆ ಗೊತ್ತಾಗಿತ್ತು; ನಾನು ಚಪ್ಪಲಿ ಮೆಟ್ಟುವಾಗ ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

ಮನೆಗೆ ಬಂದು ಮಂಜ ಬಾಗಿಲು ಹಾಕಿದ. "ಏಡ್ಸ್ ಅಂತೆ ಅಮ್ಮ" ಎಂದ. ಅವನು ಅಳುತ್ತಿದ್ದ. ನನಗೆ ಅಳು ಬರಲಿಲ್ಲ, ನಗು ಬಂತು. ಈ ವಯಸ್ಸಿನಲ್ಲಿ ಅದೇನು ನನಗೆ?

"ಎಲ್ಲಾದ್ರೂ ಸೂಜಿ ಚುಚ್ಚಿಸ್ಕೊಂಡ್ಯಾ? ರಕ್ತ ಗಿಕ್ತ ಹಾಕಿಸ್ಕೊಂಡ್ಯಾ?"

"ನಿನ್ನನ್ನ ಎತ್ತಾಗ್ಲೇ ಸೂಜಿ ನೋಡಿಲ್ಲ ನಾನು. ಮನೇಲೇ ಎರಿಗೆ ಆಗಿದ್ದು."

ಆಗ ಸವಿತ ನಿಧಾನವಾಗಿ ಹೇಳಿದಳು. "ದಿನಾ ಆ ಭೀಮವ್ವ ಕಡ್ದು ಕೊಟ್ಟ ಅಡಿಕೆ ತಿಂತೀರಲ್ಲ ಅತ್ತೆ. ಅವಳ ಬೆರಳಿಂದ ಸುಣ್ಣ. ಬಾಯಿ ಬೆಂದಿರೋದು ಅದ್ರಿಂದ್ಲೇ ಅಂತ ನೀವೇ ಅಂದ್ರಿ. ಅವ್ರೆಲ್ಲ ಎಲ್ಲೆಲ್ಲಿ ಕೂಲಿಗೆ ಹೋಗಿ ಬಂದೋರೋ, ಯಾರಿಗ್ ಗೊತ್ತು?"

ಮಂಜನ ಮುಖದಲ್ಲಿ ಒಂದು ಗಂಟು ಬಿಚ್ಚಿದ್ದು ನನಗೆ ಕಂಡಿತು. ನನ್ನೊಳಗೂ ಬಿಚ್ಚಿತು. ಹೊರಗಿನವಳಿಂದ ಬಂತು ಎಂದರೆ ಎಷ್ಟು ಸುಖ! ಮನೆಯೊಳಗೆ ಏನನ್ನೂ ಹುಡುಕಬೇಕಾಗಿಲ್ಲ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ನಮ್ಮ ಯಜಮಾನ ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ನಾವು ಮೂವರೂ ಆ ಕಡೆ ನೋಡಲಿಲ್ಲ.

ಮೂರನೇ ದಿನ ಭೀಮವ್ವನಿಗೆ ರೂಮು ಖಾಲಿ ಮಾಡಲು ಹೇಳಿದರು. ಕಾರಣ ಹೇಳಬಾರದಿತ್ತು, ಮಂಜ ಹೇಳಿಬಿಟ್ಟ. ಅದೂ ನಲ್ಲಿಯ ಹತ್ತಿರ, ಉಳಿದ ರೂಮಿನ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾಗ. ಭೀಮವ್ವ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಮಲ್ಲಪ್ಪ ಗಂಟು ಹೊತ್ತುಕೊಂಡು ಗೇಟಿನ ಹತ್ತಿರ ನಿಂತ. ಇವಳು ನನ್ನ ಬಾಗಿಲಿಗೆ ಬಂದಳು.

"ಯವ್ವಾ, ನೀ ಒಂದ್ ಮಾತ್ ಹೇಳು. ನನ್ನಿಂದ ಬಂತಂತ ನಿನಗ ಅನಸ್ತದೇನು?"

ಇಲ್ಲ ಎಂದು ಹೇಳಲು ನನಗೆ ತಿಳಿವಳಿಕೆ ಇರಲಿಲ್ಲ. ಹೌದು ಎಂದು ಹೇಳಲು ಮನಸ್ಸು ಬರಲಿಲ್ಲ. ನಲ್ಲಿ ಸೋರುತ್ತಿತ್ತು, ಅದನ್ನು ನೋಡುತ್ತಾ ಕೂತೆ.

ಅವಳು ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಒಗೆಯುವ ಕಲ್ಲಿನ ಮೇಲೆ ಇಟ್ಟಳು. "ಇದ್ರಾಗ ಐತಿ ಅಂದ್ರ ನಿನ್ ಕಡೇನೇ ಇರ್ಲಿ. ನಾ ಯಾಕ್ ಊರೂರು ಹೊತ್ಗೊಂಡ್ ತಿರುಗ್ಲಿ?" ಎಂದು ಹೇಳಿ ಹೋದಳು.

ಸವಿತ ಆ ಡಬ್ಬಿಯನ್ನು ಕೋಲಿನಿಂದ ಚರಂಡಿಗೆ ತಳ್ಳಲು ಹೋದಳು. ನಾನು ಕಿತ್ತುಕೊಂಡು ನನ್ನ ಟ್ರಂಕಿನಲ್ಲಿ ಹಾಕಿದೆ. ಯಾಕೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಮಾತು ಬಾಯಿಂದ ಬಾಯಿಗೆ ಹೋಯಿತು. ನನ್ನ ಮೈದುನನ ಮಗ ಗೋಪಾಲ ಅವಳು ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟಿನಲ್ಲೇ ಹೌಸ್‌ಕೀಪಿಂಗ್ ಸೂಪರ್‌ವೈಸರು. ಒಂದೇ ವಾರದಲ್ಲಿ ಅವಳನ್ನು ಕೆಲಸದಿಂದ ತೆಗೆದ. ಊರಿನಲ್ಲಿ ಯಾರೂ ಅವಳಿಗೆ ರೂಮು ಕೊಡಲಿಲ್ಲ. ರೈಲ್ವೆ ಹಳಿಯ ಆಚೆ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಗಂಡ ಹೆಂಡತಿ ಇದ್ದಾರಂತೆ, ಬೆಳಗ್ಗೆ ಕಾಡುಗೋಡಿ ಸರ್ಕಲ್ಲಿನಲ್ಲಿ ಕೂಲಿಗೆ ನಿಲ್ಲುತ್ತಾಳಂತೆ, ಅಲ್ಲೂ ಗೊತ್ತಿದ್ದವರು ಅವಳನ್ನು ಬಿಟ್ಟು ಉಳಿದವರನ್ನು ಕರೆದುಕೊಂಡು ಹೋಗುತ್ತಾರಂತೆ ಎಂದು ನಲ್ಲಿಯ ಹತ್ತಿರ ಮಾತು ಕೇಳಿಸುತ್ತಿತ್ತು. ಕಾಯಿಲೆ ಇದ್ದದ್ದು ನನಗೆ. ಬೀದಿಗೆ ಬಿದ್ದವಳು ಅವಳು. ನನ್ನ ವಿಷಯಕ್ಕೆ ಬಂದಾಗ ಜನ "ಪಾಪ, ಪಿಳ್ಳಕ್ಕ" ಎನ್ನುತ್ತಿದ್ದರು. ಆ ಪಾಪ ಅನ್ನುವುದನ್ನು ನಾನು ಹಾಲು ಕುಡಿದ ಹಾಗೆ ಕುಡಿದೆ.

ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ ಬಂತು. ಕಲೆತುಹೋಗಬಾರದೆಂದು ಸವಿತ ಅವುಗಳ ತಳಕ್ಕೆ ಕೆಂಪು ನೈಲ್‌ಪಾಲಿಷ್ ಬೊಟ್ಟು ಇಟ್ಟಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವಳು ರಾತ್ರಿ ಊಟವಾದ ಮೇಲೆ ಹರ್ಷಿತನ ಬಾಯಿ ತೆರೆಸಿ ಬೆಳಕಿಗೆ ಹಿಡಿದು ನೋಡುವುದನ್ನೂ ಕಂಡಿದ್ದೇನೆ. ಹೆದರಿಕೆ ಅವಳಿಗೂ ಇತ್ತು. ಹರ್ಷಿತನಿಗೆ ಆಗ ಒಂಬತ್ತು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕೈತುತ್ತು ಇಟ್ಟರೆ ಮಾತ್ರ ತಿನ್ನುವ ಮಗು. "ಅಜ್ಜಿ ಕೈಗೆ ಗಾಯ ಆಗಿದೆ" ಎಂದು ಅವಳಿಗೆ ಹೇಳಿದ್ದರು. ಅವಳು ದಿನಾ ಬಂದು ದೂರ ನಿಂತು ನನ್ನ ಕೈ ನೋಡುತ್ತಿದ್ದಳು. "ಗಾಯ ಎಲ್ಲಜ್ಜಿ?" ಎನ್ನುತ್ತಿದ್ದಳು. ನಾನು ಕೈಯನ್ನು ಸೆರಗಿನಡಿ ಇಟ್ಟುಕೊಳ್ಳುತ್ತಿದ್ದೆ.

ಒಂದು ತಿಂಗಳು ಕಳೆದ ಮೇಲೆ ಜ್ವರ ಬಿಡದೆ ಹಿಡಿಯಿತು, ಜೊತೆಗೆ ಕೆಮ್ಮು. ಆಗ ಮಂಜ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಟೆಂಪೊದಿಂದ ಇಳಿಯಲಿಲ್ಲ. "ಪಾರ್ಕಿಂಗ್ ಸಿಗಲ್ಲಮ್ಮ, ನಾನ್ ಇಲ್ಲೇ ಇರ್ತೀನಿ" ಎಂದ. ಎದುರಿಗೆ ಇಡೀ ಮೈದಾನ ಖಾಲಿ ಇತ್ತು.

ಅಲ್ಲಿಯ ಎಚ್‌ಐವಿ ವಿಭಾಗದ ಬೆಂಚುಗಳನ್ನು ನೀವು ನೋಡಿಲ್ಲವಾದರೆ ಹೇಳುತ್ತೇನೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರೂ ನೆಲ ನೋಡುತ್ತಾರೆ, ನೆಲದಲ್ಲಿ ಏನೋ ಬರೆದಿರುವ ಹಾಗೆ. ಒಬ್ಬ ಹುಡುಗ ಕಂಪನಿಯ ಟ್ಯಾಗನ್ನು ಜೇಬಿಗೆ ತುರುಕಿದ್ದ, ಅದರ ನೀಲಿ ದಾರ ಹೊರಗೆ ಇಣುಕುತ್ತಿತ್ತು. ಒಬ್ಬಳು ಕೂಸಿಗೆ ಹಾಲಿನ ಬಾಟಲಿ ಕೊಡುತ್ತಿದ್ದಳು. ಮೂವರು ಲಾರಿಯವರ ಹಾಗಿದ್ದರು, ಒಬ್ಬರು ಮೇಷ್ಟರ ಹಾಗಿದ್ದರು. ನನ್ನ ಪಕ್ಕ ಹಸಿರು ಸೀರೆಯ ಒಬ್ಬಾಕೆ, ಸ್ವಲ್ಪ ದಪ್ಪಗೆ, ಅಲ್ಲಿ ತುಂಬ ದಿನದಿಂದ ಬಂದು ರೂಢಿಯಾದವಳ ಹಾಗೆ ಕಾಲು ಚಾಚಿ ಕೂತಿದ್ದಳು. ಸುಮ್ಮನೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ನನ್ನ ಕಡೆ ಹಿಡಿದಳು.

ನಾನು ಅವಳನ್ನೇ ನೋಡಿದೆ. "ನನ್ ಕೈ ಅದ್ರೊಳಗೆ ಆಕ್ಲಾ?" ಎಂದು ಕೇಳಿದೆ.

"ಕಾಲು ಹಾಕ್ತೀರಾ ಮತ್ತೆ? ತಗೊಳ್ಳಿ ಅಜ್ಜಿ" ಎಂದಳು.

ಒಂದು ತಿಂಗಳಾದ ಮೇಲೆ ಇನ್ನೊಬ್ಬರ ಪೊಟ್ಟಣದಲ್ಲಿ ಕೈ ಹಾಕಿದ್ದೆ. ಬಿಸ್ಕತ್ತಿನ ರುಚಿ ಗೊತ್ತಾಗಲಿಲ್ಲ, ಬಾಯಿ ಅಷ್ಟು ಹುಣ್ಣಾಗಿತ್ತು. ಆದರೂ ಎರಡು ತಿಂದೆ.

ಚೀಟಿ ಬರೆಯುವವನು ನನ್ನ ಹೆಸರು ಕೇಳಿದ, ಊರು ಕೇಳಿದ. ಆಮೇಲೆ "ಗಂಡನ ಹೆಸರು?" ಎಂದ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ಹೇಳಿರಲಿಲ್ಲ. ಅವನ ಹೆಸರಿನಲ್ಲಿ 'ಮುನಿ' ಇತ್ತು ಎಂದು ನಮ್ಮೂರ ಮುನೇಶ್ವರನನ್ನೂ 'ಆಲದಮರದ ದೇವ್ರು' ಎಂದೇ ಕರೆದವಳು ನಾನು. ರೇಷನ್ ಅಂಗಡಿಯಲ್ಲಿ ಮಂಜ ಹೇಳುತ್ತಿದ್ದ, ಇಲ್ಲವೇ ಸವಿತ. ಈಗ ಮಂಜ ಟೆಂಪೊದಲ್ಲಿದ್ದ.

"ಅಜ್ಜಿ, ಹೆಸ್ರು ಹೇಳಿ, ಹಿಂದೆ ಜನ ಇದಾರೆ."

ಹಸಿರು ಸೀರೆಯಾಕೆ ಹಿಂದಿನಿಂದ ನಕ್ಕಳು. "ಇದ್ದಾರಾ ಯಜಮಾನ್ರು?"

"ಓಗಿ ಒಂಬತ್ ವರ್ಸ ಆಯ್ತು."

"ಮತ್ತೆ ಹೇಳಿ ಅಜ್ಜಿ. ಇನ್ನೊಂದ್ ಸಲ ಸಾಯ್ತಾರಾ?"

ಆದರೂ ನಾಲಿಗೆ ಏಳಲಿಲ್ಲ. ಆಧಾರ್ ಕಾರ್ಡು ತೆಗೆದು ಕೊಟ್ಟೆ, ಅವನೇ ಓದಿ ಬರೆದುಕೊಂಡ.

ಮತ್ತೆ ರಕ್ತ ತೆಗೆದರು, ಕಫ ತೆಗೆದರು, ಎದೆಯ ಚಿತ್ರ ತೆಗೆದರು. ಒಬ್ಬ ನರ್ಸು ನನ್ನ ಸೊಂಟದ ಕಲೆಯ ಮೇಲೆ ಬರಿಗೈ ಇಟ್ಟು "ಇನ್ನೂ ಉರಿಯುತ್ತಾ ಅಜ್ಜಿ?" ಎಂದು ಕೇಳಿದಳು. ಉರಿಯುತ್ತಿತ್ತು, ಇಲ್ಲ ಎಂದೆ. ಉರಿಯುತ್ತದೆ ಎಂದರೆ ಕೈ ತೆಗೆದುಬಿಡುತ್ತಾಳೆ ಎಂದು.

ಹೀಗೆ ಹದಿನೈದು ದಿನ ಓಡಾಟವಾಯಿತು. ಕೊನೆಗೆ ಕೌನ್ಸೆಲರ್ ಮೇಡಂ ಹತ್ತಿರ ಕಳಿಸಿದರು. ಮೇಡಂ ಅಂದರೆ ಇಪ್ಪತ್ತೈದರ ಹುಡುಗಿ. ಮೇಜಿನ ಮೇಲೆ ಚಿತ್ರಗಳ ಒಂದು ಪುಸ್ತಕ ಇತ್ತು. ನನ್ನನ್ನು ನೋಡಿ ಅದರ ಎರಡು ಹಾಳೆ ದಾಟಿಸಿ ತೆರೆದಳು.

"ಆ ಆಳೆ ಯಾಕ್ ದಾಟಿಸ್ದೆ?"

"ಅದು… ಅಜ್ಜಿ, ಗಂಡ ಹೆಂಡ್ತಿ ವಿಷಯ."

"ಮೂರು ಮಕ್ಳು ಎತ್ತಿದೀನಿ ಕಣವ್ವ, ಒಂದು ಉಳೀತು. ಅದೆಲ್ಲ ಬಸ್‌ಸ್ಟ್ಯಾಂಡಲ್ ಬಿದ್ದು ಸಿಕ್ಕಿದ್ದಲ್ಲ. ತೋರ್ಸು."

ಅವಳು ನಕ್ಕಳು. ಆಮೇಲೆ ಮುಚ್ಚುಮರೆ ಮಾಡಲಿಲ್ಲ. ಕಾಯಿಲೆ ಇರುವವರ ಜೊತೆ ಮಲಗಿದರೆ ಬರುತ್ತದೆ. ಅವರ ರಕ್ತ ಹಾಕಿಸಿಕೊಂಡರೆ, ಅವರಿಗೆ ಚುಚ್ಚಿದ ಸೂಜಿ ಚುಚ್ಚಿಕೊಂಡರೆ ಬರುತ್ತದೆ. ತಾಯಿಗಿದ್ದರೆ ಹೊಟ್ಟೆಯಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ಮಗುವಿಗೆ ಬರಬಹುದು. ಮಾತ್ರೆ ತಗೊಂಡರೆ ಅದನ್ನೂ ತಡೆಯಬಹುದು. "ಅಷ್ಟೇ ಅಜ್ಜಿ" ಎಂದಳು.

"ಅಷ್ಟೇ ಅಂದ್ರೆ? ಬೇರೆ ದಾರಿ ಇಲ್ವಾ?"

"ಇಲ್ಲ."

ನಾನು ಒಂದೊಂದೇ ಕೇಳಿದೆ. ಒಂದೇ ಕಕ್ಕಸಿಗೆ ಹೋದರೆ? ಇಲ್ಲ. ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದರೆ? ಇಲ್ಲ. ಸೊಳ್ಳೆ ಅವಳಿಗೆ ಕಚ್ಚಿ ನನಗೆ ಕಚ್ಚಿದರೆ? ಇಲ್ಲ. ಮಗುವಿಗೆ ಕೈತುತ್ತು ಇಟ್ಟರೆ? ಇಲ್ಲ ಅಜ್ಜಿ, ಎಷ್ಟು ಬೇಕಾದರೂ ಇಡಿ. ಕೊನೆಯದನ್ನು ಕೇಳುವಾಗ ನನ್ನ ದನಿ ಏಕೋ ಇಳಿದುಹೋಯಿತು.

"ಇನ್ನೊಬ್ಬಳು ಬಾಯಲ್ಲಿ ಕಡ್ದು ಕೊಟ್ಟ ಅಡಿಕೆ ತಿಂದ್ರೆ? ಅವ್ಳ ಬೆರಳಿನ ಸುಣ್ಣ ತಿಂದ್ರೆ?"

"ಎಂಜಲಿಂದ ಬರಲ್ಲ ಅಜ್ಜಿ. ಸುಣ್ಣದಿಂದಾನೂ ಬರಲ್ಲ. ನಿಮ್ಮ ಬಾಯಲ್ಲಿ ಬಿಳಿ ಬಂದಿರೋದು ಈ ಕಾಯಿಲೆಯಿಂದ ಶಕ್ತಿ ಕಡಿಮೆ ಆಗಿ. ಸುಣ್ಣ ಸುಟ್ಟಿರೋದಲ್ಲ. ಎಲೆ ಅಡಿಕೆ ಒಳ್ಳೇದಲ್ಲ, ಅದು ಬೇರೆ ಮಾತು."

ಕೈ ಮಡಿಲಲ್ಲಿ ಇಟ್ಟುಕೊಂಡು ಲೆಕ್ಕ ಹಾಕಿದೆ. ರಕ್ತ ಹಾಕಿಸಿಕೊಂಡಿಲ್ಲ. ಸೂಜಿ ಇಲ್ಲ. ನನ್ನ ತಾಯಿ ಎಂಬತ್ತರವರೆಗೆ ಗುಂಡುಕಲ್ಲಿನ ಹಾಗೆ ಬದುಕಿದಳು. ಉಳಿದದ್ದು ಒಂದೇ ದಾರಿ. ಆ ದಾರಿಯಲ್ಲಿ ನನ್ನ ಇಡೀ ಆಯುಸ್ಸಿನಲ್ಲಿ ಬಂದವನು ಒಬ್ಬನೇ.

"ಅತ್ತು ವರ್ಸ, ಅನ್ನೆರಡು ವರ್ಸ ಸುಮ್ನಿದ್ದು ಆಮೇಲೆ ಏಳ್ತೈತಾ ಇದು?"

"ಏಳಬಹುದು ಅಜ್ಜಿ. ಒಳಗೇ ಇರುತ್ತೆ, ಗೊತ್ತೇ ಆಗಲ್ಲ. ಆದ್ರೆ ಯಾರಿಂದ ಬಂತು ಅಂತ ರಿಪೋರ್ಟಲ್ಲಿ ಬರಲ್ಲ."

"ರಿಪೋರ್ಟಲ್ಲಿ ಬರೋದ್ ಬ್ಯಾಡ. ನನ್ ಬಾಳಲ್ಲಿ ಬರ್ದೈತೆ."

ಹೊಲ ಹೋದ ಮೇಲೆ ನಮ್ಮೂರ ಗಂಡಸರಿಗೆ ಮಾಡಲು ಕೆಲಸವಿರಲಿಲ್ಲ. ನೇಗಿಲು ಹಿಡಿದ ಕೈಗೆ ಬೈಕು ಬಂತು, ಇಸ್ತ್ರಿ ಅಂಗಿ ಬಂತು. ನಮ್ಮ ಯಜಮಾನ ಹೊಸಕೋಟೆ ಕಡೆ ಸ್ನೇಹಿತರಿದ್ದಾರೆ ಎಂದು ಎರಡೆರಡು ದಿನ ಹೋಗಿ ಬರುತ್ತಿದ್ದ. ಬಂದಾಗ ಹೊಸ ಸೋಪಿನ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಸೋಪು ಇರಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದ? ಕೊನೆಗಾಲದಲ್ಲಿ ಕಡ್ಡಿಯಾದ. ಟಿಬಿ ಎಂದ. ಡಾಕ್ಟರ ಹತ್ತಿರ ಒಬ್ಬನೇ ಹೋಗುತ್ತಿದ್ದ, ಮಂಜನನ್ನೂ ಒಳಗೆ ಬಿಡುತ್ತಿರಲಿಲ್ಲ, ಚೀಟಿಗಳನ್ನು ಒಲೆಗೆ ಹಾಕುತ್ತಿದ್ದ. ಅವನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಿತ್ತು ಅಂದುಕೊಂಡರೆ ಕೋಪ ಬರುತ್ತದೆ. ಗೊತ್ತಿರಲಿಲ್ಲ ಅಂದುಕೊಂಡರೂ ಕೋಪ ಬರುತ್ತದೆ. ಆ ಕೊನೆಯ ಆರು ತಿಂಗಳು ಅವನ ಮಲ ಮೂತ್ರ ಬಾಚಿದವಳು ನಾನು. ಬಾಚಿದ್ದರಿಂದ ಬರಲಿಲ್ಲ. ಅದಕ್ಕೆ ಮೊದಲೇ ಬಂದಿತ್ತು.

ಟೆಂಪೊದಲ್ಲಿ ಮಂಜನಿಗೆ ಎಲ್ಲವನ್ನೂ ಹೇಳಿದೆ. ಮಾರತ್ತಹಳ್ಳಿ ಸೇತುವೆಯ ಹತ್ತಿರ ಗಾಡಿಗಳು ನಿಂತುಬಿಟ್ಟಿದ್ದವು, ಓಡಿಹೋಗಲು ಅವನಿಗೆ ದಾರಿ ಇರಲಿಲ್ಲ. ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದ.

ಮನೆಗೆ ಬಂದ ಮೇಲೆ ಸಿಡಿದ. "ಅಮ್ಮ, ಸತ್ತೋರ್ ಬಗ್ಗೆ ಊರಲ್ಲಿ ಒಂದ್ ಮಾತು ಆಡ್ಬೇಡ. ಅಪ್ಪಂಗೆ ಒಂದು ಹೆಸರೈತೆ."

"ಭೀಮವ್ವಂಗೂ ಒಂದು ಎಸ್ರಿತ್ತು. ನಿಮ್ಮಪ್ಪಂದು ಉಳಿಸಾಕೆ ಅವ್ಳುದ್ನ ಸುಟ್ವಿ."

"ಅವಳು ಯಾರಮ್ಮ ನಮಗೆ? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ನಾವು ಇಲ್ಲೇ ಬಾಳ್ಬೇಕು. ಹರ್ಷಿತನ್ನ ನಾಳೆ ಯಾರ್ ಮದ್ವೆ ಆಗ್ತಾರೆ?"

"ಒಂಬತ್ ವರ್ಸದ್ ಮಗಿಗೆ ಇವತ್ತೇ ಗಂಡ್ ನೋಡ್ತಿದೀಯೇನೋ? ನೋಡೋದಿದ್ರೆ ರಕ್ತ ಪರೀಕ್ಸೆ ಮಾಡ್ಸಿ ನೋಡು. ನನಗ್ಯಾರೂ ಮಾಡ್ಸಿರ್ಲಿಲ್ಲ."

ಅವನು ಎದ್ದು ಹೊರಗೆ ಹೋದ. ಸವಿತ ಬಾಗಿಲಿಗೆ ಒರಗಿ ನಿಂತೇ ಇದ್ದಳು. "ಕೈತುತ್ತು ತಿಂದ್ರೆ ಬರಲ್ವಾ ಅತ್ತೆ, ನಿಜವಾಗ್ಲೂ?" ಎಂದು ಕೇಳಿದಳು.

"ನನ್ನ ನಂಬಬ್ಯಾಡ. ನನ್ ಜೊತೆ ಬಂದು ಆ ಮೇಡಂನ ಕೇಳು."

ಅವಳು ಒಳಗೆ ಹೋದಳು. ನಾನು ಅವಳ ನೈಲ್‌ಪಾಲಿಷ್ ಸೀಸೆ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆ. ಸ್ಟ್ಯಾಂಡಿನಲ್ಲಿದ್ದ ತಟ್ಟೆ, ಲೋಟ, ಬಟ್ಟಲು, ಸೌಟು, ಮಂಜನ ಕಾಫಿ ಲೋಟ, ಒಂದನ್ನೂ ಬಿಡದೆ ತಳಕ್ಕೆ ಕೆಂಪು ಬೊಟ್ಟು ಇಟ್ಟೆ. ಸೀಸೆ ಖಾಲಿಯಾಗುವವರೆಗೂ ಇಟ್ಟೆ. ಯಾವುದು ನನ್ನದು ಎಂದು ಕೊನೆಗೆ ನನಗೂ ಗೊತ್ತಾಗಲಿಲ್ಲ. ಸವಿತ ಬಂದು ನೋಡಿದಳು. ಅದರಲ್ಲೇ ಒಂದು ಲೋಟ ತೆಗೆದುಕೊಂಡು, ನೀರು ತುಂಬಿಸಿ, ನನ್ನ ಎದುರಿಗೇ ಕುಡಿದಳು. ಆ ದಿನಕ್ಕೆ ಅಷ್ಟು ಸಾಕಾಗಿತ್ತು.

ಮಾರನೆಯ ಬೆಳಗ್ಗೆ ಏಳು ಗಂಟೆಗೆ ಟ್ರಂಕಿನಿಂದ ಸುಣ್ಣದ ಡಬ್ಬಿ ತೆಗೆದೆ. ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಡುಗೋಡಿ ಸರ್ಕಲ್ಲಿಗೆ ನಡೆದೆ. ಜ್ವರ ಪೂರ್ತಿ ಬಿಟ್ಟಿರಲಿಲ್ಲ, ಮೂರು ಕಡೆ ಕೂತು ಎದ್ದೆ. ಆ ಹೊತ್ತಿಗೆ ಅಲ್ಲಿ ಕೂಲಿಗೆ ನಿಲ್ಲುವವರು ಸಾಲಾಗಿ ನಿಂತಿರುತ್ತಾರೆ, ಗಾರೆಯವರು, ಪೇಂಟಿನವರು, ಮಣ್ಣು ಹೊರುವ ಹೆಂಗಸರು. ಟೀ ಅಂಗಡಿಯ ಮುಂದೆ ನಮ್ಮೂರ ಗಂಡಸರು. ಅಲ್ಲೇ ಗೋಪಾಲನ ವ್ಯಾನು ಬಂದು ಹೌಸ್‌ಕೀಪಿಂಗ್ ಹೆಂಗಸರನ್ನು ಹತ್ತಿಸಿಕೊಳ್ಳುತ್ತದೆ. ಅವನು ಬಿಳಿ ಅಂಗಿ ಹಾಕಿಕೊಂಡು ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ.

ಭೀಮವ್ವ ಸಾಲಿನ ಕೊನೆಯಲ್ಲಿ ಮಣ್ಣು ಹೊರುವ ಬಾಣಲಿ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ನಾನು ಅವಳ ಮುಂದೆ ನಿಂತು, ಟೀ ಅಂಗಡಿಯವರೆಗೂ ಕೇಳುವ ಹಾಗೆ ಹೇಳಿದೆ. "ಎಲ್ರೂ ಕೇಳ್ರಪ್ಪಾ. ನನಗೆ ಎಚ್‌ಐವಿ ಐತೆ. ಇವ್ಳಿಂದ ಬಂತು ಅಂತ ನಮ್ಮನೇರು ಅಂದಿದ್ದು ಸುಳ್ಳು. ಎಲೆ ಅಡಿಕೆಯಿಂದ ಬರಲ್ಲ ಇದು, ಎಂಜಲಿಂದ ಬರಲ್ಲ. ನನಗೆ ಕೊಟ್ಟೋನು ನನ್ ಗಂಡ." ನಲವತ್ತು ವರ್ಷ ಹೇಳದಿದ್ದುದನ್ನು ಹೇಳಿದೆ. "ಮುನಿಶಾಮಪ್ಪ! ನನ್ ಗಂಡ ಮುನಿಶಾಮಪ್ಪ!"

ಟೀ ಅಂಗಡಿಯ ಮುಂದಿನಿಂದ ಮುದುಕನೊಬ್ಬ "ಥೂ, ಗಂಡನ್ ಎಸ್ರು ಬೀದಿಲಿ ಕೂಗ್ತಾಳೆ" ಎಂದ.

"ಔದು ಕಣಯ್ಯ, ಕೂಗ್ತೀನಿ. ಇವ್ಳ ಎಸ್ರು ನೀವು ಕೂಗ್ಲಿಲ್ವಾ?" ಎಂದೆ.

ಭೀಮವ್ವ ಬಾಣಲಿ ಕೆಳಗಿಟ್ಟಳು. "ಅವತ್ತ ಯಾಕ ಹೇಳ್ಲಿಲ್ಲ?"

"ಗೊತ್ತಿರ್ಲಿಲ್ಲ. ಎದ್ರಿಕೆನೂ ಇತ್ತು."

"ನನಗೇನ್ ಹೆದ್ರಿಕಿ ಇರ್ಲಿಲ್ಲೇನು? ಹೊರಗ ಹೊಂಟಾಕಿ ನಾ ಇದ್ದೆ."

ನಾನು ಡಬ್ಬಿ ಚಾಚಿದೆ. ಅವಳು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಆಮೇಲೆ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಸುಣ್ಣ ಒಣಗಿ ಬಿರಿದಿತ್ತು. "ಒಣಗಿಸಿಬಿಟ್ಟೀದಿ" ಎಂದು ಬೈದು, ತನ್ನ ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು ಬೆರಳಿನಿಂದ ಕಲೆಸಿದಳು. ನಾನು ಎಲೆ ತೆಗೆದೆ. ಅವಳು ಸವರಿದಳು, ಮಡಿಸಿದಳು, ಅಡಿಕೆಯನ್ನು ಹಲ್ಲಿನಲ್ಲಿ ಕಡಿದು ಅರ್ಧ ಕೊಟ್ಟಳು. ಬಾಯಿ ಹುಣ್ಣಾಗಿತ್ತು, ಸುಣ್ಣ ಬೆಂಕಿಯಂತೆ ಉರಿಯಿತು. ಎಲ್ಲರೂ ನೋಡುವ ಹಾಗೆ ಅಗಿದೆ.

ಇನ್ನೊಂದು ಎಲೆಗೆ ಅವಳ ಕೈಯಲ್ಲೇ ಸುಣ್ಣ ಹಚ್ಚಿಸಿ ಗೋಪಾಲನ ಹತ್ತಿರ ಹೋದೆ. "ತಗೊಳ್ಳೋ."

"ದೊಡ್ಡಮ್ಮ, ಇಲ್ಲೆಲ್ಲ ಯಾಕೆ…"

"ತಗೋ. ಇಲ್ಲಾಂದ್ರೆ ಇವ್ಳನ್ನ ಯಾಕ್ ಕೆಲ್ಸದಿಂದ ತೆಗ್ದೆ ಅಂತ ಈ ಜನದ್ ಮುಂದೆ ಬಾಯ್ಬಿಟ್ಟು ಏಳು."

ವ್ಯಾನಿನೊಳಗಿನ ಹೆಂಗಸರೆಲ್ಲ ಕಿಟಕಿಗೆ ಬಂದಿದ್ದರು. ಡ್ರೈವರು ಹಾರನ್ ಹೊಡೆದ. ನನ್ನ ಕೈ ನೋಯುತ್ತಿತ್ತು, ಇಳಿಸಲಿಲ್ಲ. ಕೊನೆಗೆ ಗೋಪಾಲ ಎಲೆ ತೆಗೆದುಕೊಂಡ. ಬಾಯಿಗೆ ಹಾಕಿಕೊಳ್ಳಲಿಲ್ಲ, ಅಂಗಿಯ ಜೇಬಿಗೆ ಇಟ್ಟುಕೊಂಡ. ಭೀಮವ್ವನ ಕಡೆ ನೋಡದೆಯೇ "ಹತ್ತಮ್ಮ, ಟೈಮಾಯ್ತು" ಎಂದ.

ಭೀಮವ್ವ ಅಲ್ಲಾಡಲಿಲ್ಲ. "ನಾಳಿಂದ ಬರ್ತೀನ್ರಿ ಸಾರ್. ಇವತ್ತ ಯವ್ವನ ಜೋಡಿ ಎಲಿ ತಿನ್ನೂದೈತಿ" ಎಂದು ಹೇಳಿ ಫುಟ್‌ಪಾತಿನ ಕಲ್ಲಿನ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ವ್ಯಾನು ಹೊರಟಿತು. ಗೋಪಾಲನ ಬಿಳಿ ಅಂಗಿಯ ಜೇಬಿಗೆ ಎಲೆಯ ರಸ ಹಸಿರಾಗಿ ಇಳಿಯುತ್ತಿತ್ತು. ನನಗೆ ಕಂಡಿತ್ತು, ಹೇಳಲಿಲ್ಲ.